ಕೃಷಿ ಪ್ರಶ್ನೋತ್ತರ: ಬೇವಿನ ಕಷಾಯ ಏಕೆ ಹಿಡಿಯಲಿಲ್ಲ?

ಪ್ರಶ್ನೆ: ಹಿತ್ತಲಿನ ಅಲಸಂದೆ ಕುಡಿಗೆಲ್ಲ ಕಪ್ಪು ಹೇನು ಮುತ್ತಿದೆ. ಬೇವಿನ ಸೊಪ್ಪು ಕುದಿಸಿ ಎರಡು ಸಲ ಹೊಡೆದರೂ ಹೋಗಲಿಲ್ಲ. ಎಲ್ಲಿ ತಪ್ಪಿದೆವು?
– ಓದುಗರು, ಸೋಮವಾರಪೇಟೆ

ಉತ್ತರ: ಸೊಪ್ಪು ಬಳಸಿದ್ದು ಒಂದು, ಕುದಿಸಿದ್ದು ಇನ್ನೊಂದು. ಹುಳುವನ್ನು ತಡೆಯುವ ಅಜಾಡಿರಾಕ್ಟಿನ್ ಸೊಪ್ಪಿಗಿಂತ ಬೀಜದ ತಿರುಳಿನಲ್ಲಿ ಬಹಳ ಹೆಚ್ಚು. ಕುದಿಸಿದರೆ ಇದ್ದದ್ದೂ ಕೆಡುತ್ತದೆ.

10 ಲೀಟರಿಗೆ ಅರ್ಧ ಕಿಲೋ ತಿರುಳು ಬೇಕು. ಕೊಡಗಿನ ಮಳೆಗೆ ಬೇವು ಒಗ್ಗುವುದಿಲ್ಲ, ಬೀಜವನ್ನು ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ತರಿಸಬೇಕು. ಕೊಳ್ಳುವ ಮೊದಲು ನಾಲ್ಕು ಬೀಜ ಒಡೆದು ನೋಡಿ. ತಿರುಳು ಹಸಿರುಗಂದಾಗಿದ್ದು, ಜಜ್ಜಿದರೆ ಬೆರಳಿಗೆ ಎಣ್ಣೆ ಅಂಟಬೇಕು. ಕಪ್ಪಾಗಿದ್ದರೆ, ಬೂಷ್ಟು ಹಿಡಿದಿದ್ದರೆ ಬೇಡ. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಬೀಜಕ್ಕೆ ಬೇಗ ಬೂಷ್ಟು ಬರುತ್ತದೆ. ವರ್ಷ ದಾಟಿದ ಬೀಜದಲ್ಲಿ ಸತ್ವ ಉಳಿದಿರುವುದಿಲ್ಲ.

ತಿರುಳನ್ನು ತರಿತರಿಯಾಗಿ ಕುಟ್ಟಿ, ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಬೆಳಕು ಹರಿಯುವ ಮುಂಚೆಯೇ ಒಂದು ಲೀಟರ್ ತಣ್ಣೀರಿಗೆ ಹಾಕಿ. ಸಂಜೆ ಆ ಗಂಟನ್ನು ನೀರಿನಲ್ಲಿ ಅದ್ದಿ ಅದ್ದಿ ಹಿಂಡಿ. ಮೊದಲು ಹಾಲಿನಂತೆ ಇಳಿಯುತ್ತದೆ, ತಿಳಿಯಾಗುವವರೆಗೂ ಬಿಡಬೇಡಿ. ಸೋಸಿ, 10 ಲೀಟರಿಗೆ ನೀರು ತುಂಬಿ, 20 ಗ್ರಾಂ ಬಾರ್ ಸೋಪು ಕರಗಿಸಿ ಸೇರಿಸಿ. ಸೋಪಿಲ್ಲದಿದ್ದರೆ ಹನಿ ಎಲೆಗೆ ಹಿಡಿಯದೆ ಉರುಳಿಹೋಗುತ್ತದೆ. ಅಂದೇ ಸಂಜೆ ಹೊಡೆದು ಮುಗಿಸಿ, ಎಲೆಯ ಅಡಿಭಾಗಕ್ಕೆ ಚೆನ್ನಾಗಿ ತಾಗಲಿ. ಬಿಸಿಲಿಗೂ ಇದರ ಸತ್ವ ಕೆಡುತ್ತದೆ.

ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮನ್ನು ತೊಳೆಯದೆ ಬಳಸಬೇಡಿ. ಸುಣ್ಣದ ಕ್ಷಾರವೂ ಬೇವಿಗೆ ಆಗಿಬರುವುದಿಲ್ಲ.

ಹೇನು ಕೂಡಲೇ ಉದುರುವುದಿಲ್ಲ. ತಿನ್ನುವುದು ತಗ್ಗುತ್ತದೆ, ಮರಿಗಳಿಗೆ ಪೊರೆ ಕಳಚಲಾಗುವುದಿಲ್ಲ. ಹಾಗಾಗಿ ನಾಲ್ಕೈದು ದಿನ ಕಾದು ನೋಡಿ, ವಾರ–ಹತ್ತು ದಿನಕ್ಕೆ ಮತ್ತೊಮ್ಮೆ ಹೊಡೆಯಿರಿ. ನಡುವೆ ಮಳೆ ಬಂದು ತೊಳೆದುಹೋದರೆ ಕಾಯದೆ ಪುನಃ ಹೊಡೆಯಬೇಕು.

ಪ್ರಶ್ನೆ: ಕಾಫಿಯ ಹಿಟ್ಟು ತಿಗಣೆಗೆ ಬೇವಿನ ಎಣ್ಣೆ ಸಾಕೇ?
– ಓದುಗರು, ವಿರಾಜಪೇಟೆ

ಉತ್ತರ: ಮರಿಗಳಿಗೆ ಸಾಕು. ಬಲಿತವುಗಳ ಮೈಮೇಲಿನ ಮೇಣದಂಥ ಹಿಟ್ಟಿನೊಳಗೆ ಎಣ್ಣೆ ಸುಲಭವಾಗಿ ಇಳಿಯುವುದಿಲ್ಲ. ಲೀಟರಿಗೆ 5 ಮಿ.ಲೀ. ಎಣ್ಣೆ ಅಳೆದುಕೊಂಡು, ಮೊದಲು ಸೋಪಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಬೆಳ್ಳಗಾಗುವವರೆಗೆ ಕದಡಿ, ಆಮೇಲೆ ಉಳಿದ ನೀರು ಸೇರಿಸಿ. ಮೇಲೆ ಎಣ್ಣೆ ತೇಲುತ್ತಿದ್ದರೆ ಹೊಡೆಯಬೇಡಿ, ಎಲೆ ಸುಡುತ್ತದೆ.

ಇರುವೆಗಳನ್ನು ತಡೆಯದೆ ತಿಗಣೆ ಹತೋಟಿಗೆ ಬರುವುದಿಲ್ಲ. ಸಿಹಿರಸಕ್ಕಾಗಿ ಅವೇ ತಿಗಣೆಯನ್ನು ಕಾಯುತ್ತವೆ. ಬುಡದ ಕಳೆ, ನೆಲಕ್ಕೆ ತಾಗುವ ರೆಕ್ಕೆ (ಅಡ್ಡಕೊಂಬೆ) ಕತ್ತರಿಸಿ. ಗೊಂಚಲಿನಲ್ಲಿ ಹಿಟ್ಟು ತಿಗಣೆಯಂತೆಯೇ ಬೆಳ್ಳಗಿದ್ದು, ಅದಕ್ಕಿಂತ ದೊಡ್ಡದಾಗಿ ಚುರುಕಾಗಿ ಓಡಾಡುವ ಹುಳು ಕಂಡರೆ ದಯವಿಟ್ಟು ಕೊಲ್ಲಬೇಡಿ. ಅದು ತಿಗಣೆಯನ್ನೇ ತಿನ್ನುವ ಕ್ರಿಪ್ಟೋಲೇಮಸ್ ದುಂಬಿಯ ಮರಿ. ಅದಿರುವ ಗಿಡಗಳಿಗೆ ಎಣ್ಣೆ ಬೇಡ. ಹೂಮಳೆಯ ನಂತರ ಹೂ ಅರಳಿರುವಾಗ ಜೇನಿಗಾಗಿ ಯಾವ ಸಿಂಪಡಣೆಯೂ ಬೇಡ.

ಪ್ರಶ್ನೆ: ಹೊಗೆಸೊಪ್ಪಿನ ಕಷಾಯ?
– ಓದುಗರು, ಮಡಿಕೇರಿ

ಉತ್ತರ: ಅಡುಗೆಗೆ ಬಳಸುವ ತರಕಾರಿಗೆ ಬೇಡವೇ ಬೇಡ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಕಷಾಯ ಕೈಗೆ ಚೆಲ್ಲಿದರೂ ತಲೆಸುತ್ತು, ವಾಂತಿ ಬರಬಹುದು.