ಬೇರೆ ಅಂಗಡಿಗಳಲ್ಲ, ಬೇರೆ ನಿಯಮ

1950ರ ದಶಕದಲ್ಲಿ ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಸಣ್ಣ ಊರುಗಳಲ್ಲಿ ಕಪ್ಪು ಜನರಿಗೆ ಬೇರೆ ಅಂಗಡಿಗಳಿದ್ದವೇ ಎಂದು ಕೇಳಿದ್ದೀರಿ. ಕೆಲವು ಇದ್ದವು. ಆದರೆ ಹೆಚ್ಚಿನ ವ್ಯಾಪಾರ ಬಿಳಿಯರ ಅಂಗಡಿಗಳಲ್ಲೇ ನಡೆಯುತ್ತಿತ್ತು. ಬೇರೆಯವರ ಹತ್ತಿ ಹೊಲದಲ್ಲಿ ಬೆಳೆಯ ಪಾಲಿಗೆ ದುಡಿಯುತ್ತಿದ್ದವರು ವರ್ಷವಿಡೀ ಉದ್ದರಿ ತಂದು, ಬೆಳೆ ಬಂದ ಮೇಲೆ ತೀರಿಸುತ್ತಿದ್ದರು. ಲೆಕ್ಕದ ಪುಸ್ತಕ ಮಾತ್ರ ಸಾಲ ಕೊಟ್ಟವರ ಕೈಯಲ್ಲೇ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಳ್ಳಬಹುದಿತ್ತು, ಅಲ್ಲಿಯೇ ಇದ್ದ ಸೋಡಾ ಕೌಂಟರಿನಲ್ಲಿ ಕೂರುವಂತಿರಲಿಲ್ಲ. ಹಣ ಬೇಕು, ಮನುಷ್ಯ ಬೇಡ! ಈ ಅನ್ಯಾಯ ನನ್ನನ್ನು ಈಗಲೂ ಕಾಡುತ್ತದೆ.

ಅದೇ ರಾಜ್ಯದ ಕ್ಲಾರ್ಕ್ಸ್‌ಡೇಲ್ ಊರಿನ ಬಗ್ಗೆ ಖಂಡಿತ ಓದಿ. ಅಲ್ಲಿ ಆರನ್ ಹೆನ್ರಿ ಎಂಬ ಕಪ್ಪು ಔಷಧಿ ವ್ಯಾಪಾರಿಯ ಸ್ವಂತ ಅಂಗಡಿಯಿತ್ತು. 1961ರಲ್ಲಿ ಕ್ರಿಸ್‌ಮಸ್ ಮೆರವಣಿಗೆಯಿಂದ ಕಪ್ಪು ವಿದ್ಯಾರ್ಥಿಗಳ ಬ್ಯಾಂಡ್‌ಗಳನ್ನು ಹೊರಗಿಟ್ಟಾಗ, ಹೆನ್ರಿಯವರ ಮುಂದಾಳತ್ವದಲ್ಲಿ ಜನ ಪೇಟೆಯ ವ್ಯಾಪಾರವನ್ನೇ ಬಹಿಷ್ಕರಿಸಿದರು.