ಮುಂದಿನ ಮೀಟಿಂಗ್ ಯಾವಾಗ ಅಂದ್ರೆ ಎಐ ಹಳೇ ತಾರೀಕು ಹೇಳುತ್ತೆ, ಯಾಕೆ?

ಪ್ರಶ್ನೆ: ಎಐ ಅಸಿಸ್ಟೆಂಟ್‌ಗೆ ನನ್ನ ಗೂಗಲ್ ಕ್ಯಾಲೆಂಡರ್ ಜೋಡಿಸಿದ್ದೇನೆ, ಒಂದು ಓಪನ್ ಸೋರ್ಸ್ ಎಂಸಿಪಿ ಸರ್ವರ್ ಹಾಕಿಕೊಂಡು. ಪ್ರತಿ ಸೋಮವಾರದ ಟೀಮ್ ಮೀಟಿಂಗ್‌ಗೆ ಎರಡು ವರ್ಷ ಹಿಂದಿನ ತಾರೀಕು ತೋರಿಸುತ್ತೆ. ರಜೆ ಒಂದು ದಿನ ಜಾಸ್ತಿ ಹೇಳುತ್ತೆ. ಮನೆಯವರೆಲ್ಲ ಹಂಚಿಕೊಂಡಿರುವ ಕ್ಯಾಲೆಂಡರ್ ಅದರ ಕಣ್ಣಿಗೇ ಬೀಳುವುದಿಲ್ಲ. ಸುಮ್ನೆ ಕತೆ ಕಟ್ಟುತ್ತಿದೆಯಾ?

ಉತ್ತರ: ಕತೆ ಕಟ್ಟುತ್ತಿಲ್ಲ. ಅದಕ್ಕೆ ಸಿಕ್ಕ ಮಾಹಿತಿಯೇ ಹಾಗಿರುವ ಸಾಧ್ಯತೆ ಜಾಸ್ತಿ. ಅಸಿಸ್ಟೆಂಟ್ ನಮ್ಮ ಹಾಗೆ ಕ್ಯಾಲೆಂಡರ್ ತೆರೆದು ಕಣ್ಣಾಡಿಸುವುದಿಲ್ಲ. ನೀವು ಹಾಕಿಕೊಂಡ ಎಂಸಿಪಿ ಸರ್ವರ್, ಅಂದರೆ ನಡುವೆ ಇರುವ ಟೂಲ್‌ಗೆ 'ಈ ಹೊತ್ತಿನಿಂದ ಆ ಹೊತ್ತಿನವರೆಗೆ ಏನಿದೆ ಕೊಡು' ಅನ್ನುತ್ತದೆ, ಟೂಲ್ ಹೋಗಿ ಗೂಗಲ್‌ನ ಎಪಿಐಯನ್ನು (ಒಂದು ಪ್ರೋಗ್ರಾಮ್ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ) ಕೇಳುತ್ತದೆ, ಬಂದಿದ್ದನ್ನು ತಂದು ಅದರ ಮುಂದೆ ಸುರಿಯುತ್ತದೆ. ಎಂಸಿಪಿ ಅನ್ನುವುದು ಈ ಕೊಡುಕೊಳ್ಳುವಿಕೆಗೆ 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಮಾಡಿಕೊಟ್ಟ ಕಟ್ಟುಪಾಡು ಅಷ್ಟೇ. ಕೇಳಿದ ಪ್ರಶ್ನೆ ಸರಿಯಿದೆಯಾ ಅಂತ ಅದು ನೋಡುವುದಿಲ್ಲ. ನಿಮ್ಮ ಮೂರೂ ತಕರಾರಿಗೆ ನಾನು ಮೊದಲು ಹಿಡಿದು ಕೇಳುವುದು ಆ ಟೂಲನ್ನೇ.

ಸೋಮವಾರದ ಮೀಟಿಂಗ್ ತಗೊಳ್ಳಿ. ಮತ್ತೆ ಮತ್ತೆ ಬರುವ ಮೀಟಿಂಗನ್ನು ಕ್ಯಾಲೆಂಡರ್ ನೂರು ಸಲ ಬರೆದಿಟ್ಟುಕೊಳ್ಳುವುದಿಲ್ಲ, ಒಂದೇ ನಮೂದು ಇರುತ್ತದೆ, ಅದಕ್ಕೆ 'ಪ್ರತಿ ಸೋಮವಾರ' ಅನ್ನುವ ನಿಯಮ ಅಂಟಿಕೊಂಡಿರುತ್ತದೆ. ಆ ನಮೂದಿನ ಮೇಲಿರುವುದು ಮೊಟ್ಟಮೊದಲ ಮೀಟಿಂಗಿನ ತಾರೀಕು. ಎಪಿಐಯಲ್ಲಿ ಸಿಂಗಲ್‌ಈವೆಂಟ್ಸ್ ಅಂತ ಒಂದು ಆಯ್ಕೆ ಇದೆ, ಅದಕ್ಕೆ ಟ್ರೂ ಕೊಟ್ಟರೆ ಮಾತ್ರ ಗೂಗಲ್ ಆ ನಿಯಮವನ್ನು ಬಿಡಿಸಿ ಒಂದೊಂದು ಸೋಮವಾರವನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಏನೂ ಹೇಳದಿದ್ದರೆ ಫಾಲ್ಸ್. ಟೂಲ್ ಬರೆದವರು ಈ ಒಂದು ಸಾಲು ಮರೆತಿದ್ದಾರೆ ಅನಿಸುತ್ತೆ. ಸಮಯದ ಪ್ರಕಾರ ಜೋಡಿಸಿ ಕೊಡು ಅನ್ನಬೇಕಾದರೂ ಅದು ಟ್ರೂ ಇರಲೇಬೇಕು.

ರಜೆಯದ್ದು ಇನ್ನೂ ತಮಾಷೆ. ಇಡೀ ದಿನದ ಕಾರ್ಯಕ್ರಮಗಳಲ್ಲಿ ಮುಗಿಯುವ ತಾರೀಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು 10 ಮತ್ತು 11ನೇ ತಾರೀಕು ರಜೆ ಹಾಕಿದ್ದರೆ ಒಳಗೆ ಶುರು 10, ಕೊನೆ 12 ಅಂತ ಇರುತ್ತದೆ. ಎಐ ಅದನ್ನು ಓದಿ '12ರವರೆಗೆ ರಜೆ' ಅನ್ನುತ್ತದೆ, ಪಾಪ, ಅದರ ತಪ್ಪೇನಿದೆ? ಟೂಲ್ ಒಂದು ದಿನ ಕಳೆದು ಕಳಿಸಬೇಕು. ಅದಾಗದಿದ್ದರೆ ಟೂಲಿನ ವಿವರಣೆಯಲ್ಲೇ 'ಕೊನೆಯ ತಾರೀಕು ಸೇರುವುದಿಲ್ಲ' ಅಂತ ಬರೆದಿಡಿ, ಮಾಡೆಲ್, ಅಂದರೆ ಅಸಿಸ್ಟೆಂಟ್ ಒಳಗಿರುವ ಎಐ, ಆ ವಿವರಣೆ ಓದಿಕೊಂಡೇ ಕೆಲಸ ಮಾಡುತ್ತದೆ.

ಮನೆಯವರ ಕ್ಯಾಲೆಂಡರ್ ಬರದಿರುವುದಕ್ಕೆ ಕಾರಣ, ಟೂಲ್ ಬರೀ ಪ್ರೈಮರಿ, ಅಂದರೆ ನಿಮ್ಮ ಖಾತೆಯ ಮುಖ್ಯ ಕ್ಯಾಲೆಂಡರ್ ಒಂದನ್ನೇ ಕೇಳುತ್ತಿರಬಹುದು. ಹಂಚಿಕೊಂಡ ಪ್ರತಿ ಕ್ಯಾಲೆಂಡರ್‌ಗೂ ಬೇರೆ ಐಡಿ ಇರುತ್ತದೆ. ಮೊದಲು ಪಟ್ಟಿ ತರಿಸಿ, ಆಮೇಲೆ ಒಂದೊಂದನ್ನೂ ಕೇಳಬೇಕು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇವತ್ತು ಯಾವ ತಾರೀಕು ಅಂತ ಮಾಡೆಲ್‌ಗೆ ತಾನಾಗಿ ಗೊತ್ತಿರುವುದಿಲ್ಲ, ಯಾರಾದರೂ ಹೇಳಬೇಕು. ಅದು ಹೇಳದೆ 'ನಾಳೆ ಏನಿದೆ' ಅಂತ ಕೇಳಿದರೆ ಯಾವ ನಾಳೆಯೋ ಏನೋ. ಟೂಲ್‌ಗೆ ಹೋದ ಶುರು ಮತ್ತು ಕೊನೆಯ ಸಮಯ ಎಷ್ಟಿತ್ತು, ಟೈಮ್‌ಝೋನ್ ಏನಿತ್ತು ಅಂತ ಒಮ್ಮೆ ಬಿಡಿಸಿ ನೋಡಿ, ಅದನ್ನು ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ನಾನಾದರೆ ಉತ್ತರ ಓದುವ ಮುಂಚೆ ಅದನ್ನೇ ನೋಡುತ್ತೇನೆ.

ಪ್ರಶ್ನೆ: ಕ್ಯಾಲೆಂಡರ್ ಪೂರ್ತಿ ಎಐ ಕೈಗೆ ಕೊಡುವುದು ಸೇಫಾ?

ಉತ್ತರ: ಪೂರ್ತಿ ಯಾಕೆ ಕೊಡುತ್ತೀರಿ? ಮುಂದೇನಿದೆ ಅಂತ ತಿಳಿಯಲು ಓದುವ ಅನುಮತಿ ಸಾಕು. ಗೂಗಲ್‌ನಲ್ಲಿ ರೀಡ್‌ಓನ್ಲಿ ಅಂತ ಬೇರೆ ಇದೆ, ಬಿಡುವಿದ್ದೀರಾ ಇಲ್ಲವಾ ಅನ್ನುವುದನ್ನಷ್ಟೇ ತೋರಿಸುವ ಫ್ರೀಬಿಝಿ ಅನ್ನುವುದೂ ಇದೆ. ಬರೀ ನೋಡುವ ಟೂಲ್ ಅಳಿಸುವ, ತಿದ್ದುವ ಅನುಮತಿ ಕೇಳಿದರೆ ಬೇರೆ ಟೂಲ್ ಹುಡುಕಿ.

ಆದರೆ ಓದುವುದಕ್ಕೆ ಮಾತ್ರ ಬಿಟ್ಟರೂ ಅಪಾಯ ಇಲ್ಲ ಅಂತಲ್ಲ. ಮೀಟಿಂಗಿನ ವಿವರಣೆಯಲ್ಲಿ ಲಿಂಕು, ಪಾಸ್‌ಕೋಡು, ಇನ್ಯಾರದೋ ಇಮೇಲ್ ಎಲ್ಲ ಇರುತ್ತದೆ, ಅಷ್ಟೂ ಮಾಡೆಲ್ ನಡೆಸುವವರ ಸರ್ವರ್‌ಗೆ ಹೋಗುತ್ತದೆ. ಹೆಸರು, ಸಮಯ, ಜಾಗ ಇಷ್ಟನ್ನೇ ಕಳಿಸುವ ಹಾಗೆ ಟೂಲನ್ನು ತಿದ್ದಬಹುದು. ಇನ್ನೂ ತಲೆನೋವು ಅಂದರೆ, ನಿಮಗೆ ಇನ್ವೈಟ್ ಕಳಿಸಲು ಯಾರಿಗೆ ಬೇಕಾದರೂ ಆಗುತ್ತದೆ. ಅದರೊಳಗೆ ಎಐಗೆ ಅಂತಲೇ ಆದೇಶ ಬರೆದಿಟ್ಟರೆ, ಅದು ನಿಮ್ಮ ಮಾತು ಅಂದುಕೊಂಡು ಪಾಲಿಸಿಬಿಡಬಹುದು. 2025ರಲ್ಲಿ ಸಂಶೋಧಕರು ಗೂಗಲ್‌ನ ಎಐ ಅಸಿಸ್ಟೆಂಟ್ ಜೆಮಿನಿಯ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ, ಗೊತ್ತಿರುವವರು ಕಳಿಸಿದ ಇನ್ವೈಟ್ ಮಾತ್ರ ತಾನಾಗಿ ಸೇರಲಿ ಅನ್ನುವ ಆಯ್ಕೆ ಇದೆ, ಅದನ್ನು ಇವತ್ತೇ ಆನ್ ಮಾಡಿ.

ಪ್ರಶ್ನೆ: ವಾರಕ್ಕೊಮ್ಮೆ ಮತ್ತೆ ಲಾಗಿನ್ ಆಗು ಅನ್ನುತ್ತೆ, ಸಾಕಾಗಿದೆ.

ಉತ್ತರ: ಈ ಟೂಲ್‌ಗೆ ಅನುಮತಿ ಕೊಡಲು ಗೂಗಲ್ ಕ್ಲೌಡ್‌ನಲ್ಲಿ ನೀವೇ ಮಾಡಿಕೊಂಡ ಪ್ರಾಜೆಕ್ಟ್ ಇನ್ನೂ 'ಟೆಸ್ಟಿಂಗ್' ಅಂತಿರಬೇಕು ನೋಡಿ. ಹಾಗಿದ್ದರೆ ಲಾಗಿನ್ ಉಳಿಸಿಕೊಡುವ ಕೀಲಿ, ಅಂದರೆ ರಿಫ್ರೆಶ್ ಟೋಕನ್‌ನ ಆಯಸ್ಸು 7 ದಿನ ಮಾತ್ರ. 'ಪ್ರೊಡಕ್ಷನ್'ಗೆ ಬದಲಿಸಿ, ಇನ್ನೊಂದು ಸಲ ಲಾಗಿನ್ ಆಗಿ. ಹೊಸ ಟೋಕನ್ ಕೂತ ಫೈಲನ್ನು ಮಾತ್ರ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ಗೆ ಏರಿಸಿಬಿಡಬೇಡಿ.