ಬ್ಯಾಟರಿ ಬದಲಿಸಿದ ಮೇಲೆ ಹೊಗೆ ತಪಾಸಣೆ

ಪ್ರಶ್ನೆ: ಹೊಸ ಬ್ಯಾಟರಿ ಹಾಕಿಸಿದ ಮರುದಿನ ಕಾರನ್ನು ಹೊಗೆ ತಪಾಸಣೆಗೆ ಒಯ್ದೆ. ಎಚ್ಚರಿಕೆ ದೀಪ ಉರಿಯದಿದ್ದರೂ ‘ಮಾನಿಟರ್‌ಗಳು ಸಿದ್ಧವಾಗಿಲ್ಲ’ ಎಂದರು. ಏಕೆ?

ಉತ್ತರ: ಬ್ಯಾಟರಿ ಕಳಚಿದಾಗ ಅನೇಕ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರಿನ ಸ್ವಯಂಪರೀಕ್ಷೆಗಳ (ಇವೇ ಮಾನಿಟರ್‌ಗಳು) ದಾಖಲೆ ಅಳಿಸಿಹೋಗುತ್ತದೆ, ಇದು ದೋಷವಲ್ಲ, ಪರೀಕ್ಷೆಗಳು ಮತ್ತೆ ನಡೆಯಬೇಕಿದೆ ಅಷ್ಟೆ. ಅದಕ್ಕಾಗಿ ಟ್ಯಾಂಕಿನಲ್ಲಿ ಅರ್ಧದಷ್ಟು ಇಂಧನವಿರಲಿ, ಏಕೆಂದರೆ ಅದು ತುಂಬಿದ್ದರೆ ಅಥವಾ ತಳ ಕಂಡಿದ್ದರೆ ಇಂಧನದ ಆವಿ ಸೋರಿಕೆಯ ಪರೀಕ್ಷೆ ಸಾಮಾನ್ಯವಾಗಿ ಆರಂಭವಾಗುವುದೇ ಇಲ್ಲ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ಚಾಲೂ ಮಾಡಿ, ಎರಡು ಮೂರು ನಿಮಿಷ ನಿಂತಲ್ಲೇ ಓಡಲು ಬಿಟ್ಟು, ಬಳಿಕ ಹೆದ್ದಾರಿಯಲ್ಲಿ ಗಂಟೆಗೆ 80ರಿಂದ 90 ಕಿಲೋಮೀಟರ್ ವೇಗವನ್ನು ಹತ್ತು ನಿಮಿಷ ಸಮನಾಗಿ ಕಾಯ್ದುಕೊಂಡು, ಹಿಂದೆ ವಾಹನವಿಲ್ಲದಾಗ ಬ್ರೇಕ್ ಒತ್ತದೆ ವೇಗ ತಾನಾಗಿ ಇಳಿಯಲು ಬಿಡಿ. ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಪರೀಕ್ಷೆ ತಡವಾಗಿ ಮುಗಿಯುವುದುಂಟು. ಬೇಸರಿಸದೆ ಕೆಲವು ದಿನ ಹೀಗೆ ಓಡಿಸಿ. ನಡುವೆ ಸ್ಕ್ಯಾನರಿನಿಂದ ದೋಷದ ಕೋಡ್ ಅಳಿಸಿದರೆ ಎಲ್ಲವೂ ಮೊದಲಿನಿಂದಲೇ ಆರಂಭವಾಗುತ್ತದೆ.